ಮೂರು ತಲೆ ಕಡಿಮೆ

ಮೆಂಡಲ್ ಮಾಸ್ತರು ತೀರಿಕೊಂಡ ಸುದ್ದಿ ಸೇಸಪ್ಪನವರಿಗೆ ಲಿಫ್ಟಿನಲ್ಲಿ ತಿಳಿಯಿತು. ಕೈಯಲ್ಲಿ ಮಾಸ್ತರಿಗೆಂದೇ ಒಯ್ಯುತ್ತಿದ್ದ ಕಾಫಿಯ ಫ್ಲಾಸ್ಕು, ಕಂಕುಳಲ್ಲಿ ಅವರದೇ ಪುಸ್ತಕ. ಕಟ್ಟಡದ ಕಾವಲುಗಾರ ಟೋಪಿ ತೆಗೆದು ವಿಷಯ ಹೇಳಿ ಇಳಿದುಹೋದ. ಸೇಸಪ್ಪ ಇಳಿಯಲಿಲ್ಲ. ಲಿಫ್ಟು ಅವರನ್ನು ಹೊತ್ತುಕೊಂಡು ಮೂರು ಸಲ ಮೇಲೆ ಕೆಳಗೆ ಹೋಗಿಬಂತು.

ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿ ಬಿದ್ದ ವರ್ಷ ಅದು. ಜರ್ಸಿ ಸಿಟಿಯ ಆಫೀಸು ಸೇಸಪ್ಪನವರ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿತ್ತು. ಜ್ಯಾಕ್ಸನ್ ಹೈಟ್ಸಿನ ಫ್ಲಾಟಿನಲ್ಲಿ ಸುಮ್ಮನೆ ಕೂತಿದ್ದವರನ್ನು ಕೆಳಗಿನ ಮಹಡಿಯ ಯೆಹೂದಿ ಮುದುಕರು, ನಿವೃತ್ತ ಶಾಲಾಮಾಸ್ತರು, "ನಿಮಗೆ ಹೊತ್ತಿದೆ, ನನಗೆ ಪುಸ್ತಕಗಳಿವೆ" ಎಂದು ಕರೆದು ಕೂರಿಸಿಕೊಂಡರು. ಅಂದಿನಿಂದ ದಿನಾ ಬೆಳಿಗ್ಗೆ ಯೆಹೂದಿ ಧರ್ಮಶಾಸ್ತ್ರದ ಪಾಠ, ಇಂಗ್ಲಿಷ್ ಅನುವಾದದಲ್ಲಿ. ದಾರಿಯಲ್ಲಿ ಬಿದ್ದು ಸಿಕ್ಕ ವಸ್ತು ಯಾರದು, ನೆರೆಯವನ ಎತ್ತು ಹಾಯ್ದರೆ ಹೊಣೆ ಯಾರು, ಇಂಥ ವಾದಗಳನ್ನು ಓದುತ್ತಿದ್ದರೆ ಸೇಸಪ್ಪನವರಿಗೆ ಆಫೀಸಿನ ನೆನಪೇ ಬರುತ್ತಿರಲಿಲ್ಲ.

"ಇಂಗ್ಲಿಷಿನಲ್ಲಿ ಅರ್ಥವೆಲ್ಲ ಬರುತ್ತದೆ ಸೇಸಪ್ಪ," ಎನ್ನುತ್ತಿದ್ದರು ಮಾಸ್ತರು. "ತೊಂದರೆ ಏನೆಂದರೆ, ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ."

ಅವರು ಶಿಷ್ಯನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದರು. ತಾನು ಹೋದ ಮೇಲೆ ಮಗ ಡೇವಿಡ್ ಒಂದು ಸಲವಾದರೂ ಕದ್ದಿಷ್ ಹೇಳುವಂತೆ ನೋಡಿಕೊಳ್ಳಬೇಕು. ಕದ್ದಿಷ್ ಎಂದರೆ ಸತ್ತವರ ಹೆಸರಿನಲ್ಲಿ ಮಕ್ಕಳು ಹೇಳುವ ದೇವರ ಸ್ತುತಿ. ಹತ್ತು ಮಂದಿ ಯೆಹೂದಿ ಗಂಡಸರು ಸೇರದೆ ಅದನ್ನು ಹೇಳುವಂತಿಲ್ಲ.

ಮರುದಿನ ಮಣ್ಣು ಮಾಡುವಾಗ ಜಡಿಮಳೆ. ಬಂದವರು ಆರೇ ಜನ. ಇನ್ನು ಉಳಿದದ್ದು ಅಂದಿನ ಸಂಜೆ ಮಾತ್ರ. ಡೇವಿಡ್ ಅಂದೇ ಕ್ಯಾಲಿಫೋರ್ನಿಯಾಕ್ಕೆ ಮರಳಬೇಕಿತ್ತು.

"ಲೇಆಫ್ ನಡೀತಿದೆ ಮಿಸ್ಟರ್ ಸೇಸಪ್ಪ. ನಾಳೆ ನಾನು ಕಾಣಿಸದಿದ್ದರೆ ನಾಡಿದ್ದು ನನ್ನ ಕುರ್ಚಿ ಕಾಣಿಸಲ್ಲ."

ಸೇಸಪ್ಪನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಸ್ತರ ವಿಳಾಸದ ಪುಸ್ತಕ ಹಿಡಿದು ಮಧ್ಯಾಹ್ನವೆಲ್ಲ ಫೋನು ಮಾಡಿದರು. ಹೆಂಡತಿ ಸುಂದರಿಗೆ ಕಡಲೆ ಬೇಯಿಸಲು ಹೇಳಿದರು.

"ಸತ್ತ ಮನೆಗೆ ಕಡಲೆ ಎಂತಕ್ಕೆ ಮಾರಾಯ್ರೆ?"

"ದುಃಖದ ಮನೆಗೆ ಉರುಟು ಉರುಟಾದ್ದೇ ಕೊಡ್ಬೇಕು. ಶಾಸ್ತ್ರ ಉಂಟು."

"ನಿಮ್ಮ ಅಪ್ಪ ಹೋದಾಗ ಇದರ ಕಾಲು ಭಾಗ ಶಾಸ್ತ್ರ ನೋಡ್ಲಿಲ್ಲ ನೀವು!"

ಸಂಜೆ ಮಾಸ್ತರ ಕೋಣೆ ತುಂಬಿತು. ಹೆಚ್ಚಿನವರು ಹಳೆಯ ಶಿಷ್ಯರು, ಪ್ರಾರ್ಥನೆಗೆ ವರ್ಷಕ್ಕೊಮ್ಮೆ ಹೋಗುವ ಪೈಕಿ. ಡೇವಿಡ್ ಬೆರಳೆತ್ತಿ "ಒಂದು, ಎರಡು..." ಎನ್ನುವಷ್ಟರಲ್ಲಿ ಸೇಸಪ್ಪ ಕೆಂಡ ತುಳಿದವರಂತೆ ಹಾರಿದರು.

"ಮನುಷ್ಯರನ್ನು ಅಂಕಿಯಲ್ಲಿ ಎಣಿಸಬಾರದು! ಪ್ರಾರ್ಥನೆಯ ಒಂದು ವಾಕ್ಯ ಉಂಟು. ತಲೆಗೊಂದು ಪದ ಹೇಳ್ತಾ ಹೋಗ್ಬೇಕು. ವಾಕ್ಯ ಮುಗಿದರೆ ಜನ ಭರ್ತಿ ಆದ ಹಾಗೆ. ನಿಮ್ಮ ತಂದೆಯೇ ಕಲಿಸಿದ್ದು."

ಡೇವಿಡನ ಬೆರಳು ಮಡಚಿಕೊಂಡಿತು. ಉಳಿದವರೂ ಪಾಠ ಓದದೆ ಬಂದ ಹುಡುಗರಂತೆ ತಲೆ ತಗ್ಗಿಸಿದರು. ಸೇಸಪ್ಪ ಬಾಯಿಪಾಠದ ವಾಕ್ಯವನ್ನು ಗಂಭೀರವಾಗಿ ಹೇಳುತ್ತ ಒಬ್ಬೊಬ್ಬರನ್ನೇ ದಾಟಿದರು. ಕೊನೆಯವನಾದ ಡೇವಿಡನ ಮುಂದೆ ಬಂದು ನಿಂತ ಪದ 'ಆ್ಯಂಡ್'. 'ಆ್ಯಂಡ್' ಎಂದ ಮೇಲೆ ಮುಂದೇನಾದರೂ ಬೇಕಲ್ಲ? ಇನ್ನೂ ಮೂರು ಪದ ಬಾಯಲ್ಲೇ ಉಳಿದವು. ಆ ತುದಿಯಿಂದ ಎಣಿಸಿದರೂ ಅಷ್ಟೇ.

"ಮೂರು ತಲೆ ಕಡಿಮೆ," ಎಂದು ಸೇಸಪ್ಪ ಚಪ್ಪಲಿ ಮೆಟ್ಟಿದರು.

ಹೊರಗೆ, ಎಲ್ಲರ ಮನೆಯ ಸುದ್ದಿಗೂ ಕಿವಿ ಕೊಡುವ ಮೇಲಿನ ಮಹಡಿಯ ಶಿವಶಂಕರಪ್ಪ ಕಾದಿದ್ದರು.

"ಮೂರ ಮಂದಿ ಕಮ್ಮಿ ಬಿದ್ದಾರೇನ್ರಿ? ನಾನು, ನಮ್ಮ ಮಹಡಿ ಮಂಜುನಾಥ, ಹರಿ ಬರ್ತೀವ್ರಿ. ತಲಿ ಮ್ಯಾಲೆ ಟೋಪಿ ಇಟ್ಕೊಂಡು ಸುಮ್ನ ಕುಂತ್ರ ಯಾರಿಗೆ ಗೊತ್ತಾಗ್ತದ?"

"ಶಾಸ್ತ್ರಕ್ಕೆ ಗೊತ್ತಾಗ್ತದೆ ಮಾರಾಯ್ರೆ!"

ಎಪ್ಪತ್ತನಾಲ್ಕನೆಯ ಬೀದಿಯಲ್ಲಿ ಸೇಸಪ್ಪ ಹೋಗಿಬರುವವರನ್ನು ತಡೆದು, "ತಾವು ಯೆಹೂದಿಗಳೇ?" ಎಂದು ಕೇಳತೊಡಗಿದರು. ಒಬ್ಬ ರಸ್ತೆ ದಾಟಿಬಿಟ್ಟ. ಇನ್ನೊಬ್ಬ, "ಯಾಕೆ, ಮಾರಲಿಕ್ಕೆ ಏನಿದೆ?" ಎಂದ. ಉದ್ದ ಗಡ್ಡದವರೊಬ್ಬರು ಢಾಕಾದವರಾಗಿದ್ದರು. ಆದರೂ ಪಾಪ, ತಮ್ಮ ಅಂಗಡಿ ಬಿಟ್ಟು ಬಂದು ಅಕ್ಕಪಕ್ಕದ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿದರು. ಪೊಲೀಸಿನವನು ಎರಡು ಸಲ ನೋಡಿದ. ಕಡೆಗೆ, ಎರಡು ಸ್ಟೇಷನ್ನು ಆಚೆಯ ಸಣ್ಣ ಪ್ರಾರ್ಥನಾಮಂದಿರದಲ್ಲಿ ಹೈಮ್ ಎಂಬ ಮುದಿ ಮೇಲ್ವಿಚಾರಕರೊಬ್ಬರು ಸಿಕ್ಕಿದರು. ಅವರ ಮಂಡಿ ಪ್ರತಿ ಮೆಟ್ಟಿಲಿನಲ್ಲೂ ಕೂತು ಎದ್ದು ಬರುತ್ತಿತ್ತು.

ಒಬ್ಬರಾದರೂ ಸಿಕ್ಕಿದರೆಂದು ಕರೆತಂದು ಬಾಗಿಲು ತೆಗೆದರೆ ಡೇವಿಡನ ಜೊತೆ ನಾಲ್ವರು ಮಾತ್ರ ಉಳಿದಿದ್ದರು. ಮಿಕ್ಕವರು ರೈಲಿಗೆ, ಕೆಲಸಕ್ಕೆ ಎದ್ದುಹೋಗಿದ್ದರು. ಕೆಳಗೆ ಟ್ಯಾಕ್ಸಿ ಬಂದು ನಿಂತಿತ್ತು.

"ಎಣಿಸಿದ್ದು ಯಾರು?" ಹೈಮ್ ಏದುಸಿರು ಬಿಡುತ್ತ ಕೇಳಿದರು.

"ನಾನೇ. ವಾಕ್ಯ ಹೇಳಿ ಎಣಿಸಿದೆ."

"ಎಲ್ಲಿ, ಹೇಳಿ ನೋಡೋಣ."

ಸೇಸಪ್ಪ ಹೇಳಿದರು. ಹೈಮ್ ಒಂದೊಂದೇ ಬೆರಳು ಮಡಚಿದರು. ಹತ್ತೂ ಬೆರಳು ಮುಗಿದ ಮೇಲೂ ವಾಕ್ಯ ನಡೆದೇ ಇತ್ತು.

"ಹೀಬ್ರೂವಿನಲ್ಲಿ ಇದಕ್ಕೆ ಹತ್ತೇ ಪದ, ಸ್ವಾಮಿ. ನಿಮ್ಮ ಇಂಗ್ಲಿಷಿನಲ್ಲಿ ಹದಿಮೂರು. ನೀವು ಚಪ್ಪಲಿ ಹಾಕಿಕೊಂಡಾಗ ಈ ಕೋಣೆಯಲ್ಲಿ ಸರಿಯಾಗಿ ಹತ್ತು ಜನ ಇದ್ದರು."

ಸೇಸಪ್ಪ ತಮ್ಮ ಬೆರಳು ಮಡಚಿ ಇನ್ನೊಮ್ಮೆ ಎಣಿಸಿದರು. ಬಾಗಿಲಿನಿಂದ ಶಿವಶಂಕರಪ್ಪ, "ನಾವು ಮೂರೂ ಮಂದಿ ಬಂದು ಕುಂತಿದ್ರ ಎಲ್ಲಾ ಸುಸೂತ್ರ ಆಗ್ತಿತ್ತಲ್ರೀ!" ಎಂದರು. ಆ ಮಾತು ನಿಜವಾದ್ದರಿಂದಲೇ ಯಾರಿಗೂ ತಡೆದುಕೊಳ್ಳಲಾಗಲಿಲ್ಲ. ಮೊದಲು ನಕ್ಕವನು ಡೇವಿಡ್. ನಗುತ್ತ ನಗುತ್ತ, ತಂದೆ ಸತ್ತ ಮೇಲೆ ಮೊದಲ ಬಾರಿಗೆ ಅತ್ತ. ಕದ್ದಿಷ್ ಬರೆದುಕೊಂಡಿದ್ದ ಚೀಟಿಯನ್ನು ಅಂಗಿಯ ಜೇಬಿಗಿಟ್ಟುಕೊಂಡು, "ಅಲ್ಲಿ ಹತ್ತು ಜನ ಹುಡುಕ್ತೇನೆ ಮಿಸ್ಟರ್ ಸೇಸಪ್ಪ. ನಾನು ಅಂಕಿಯಲ್ಲೇ ಎಣಿಸ್ತೇನೆ, ಕ್ಷಮಿಸಿ," ಎಂದು ಟ್ಯಾಕ್ಸಿ ಹತ್ತಿದ. ಕೊಟ್ಟ ಮಾತು ಸೇಸಪ್ಪನವರ ತಲೆಯ ಮೇಲೇ ಉಳಿಯಿತು.

ಎಲ್ಲರೂ ಹೋದ ಮೇಲೆ ಹೈಮ್ ಕಡಲೆ ಉಸಲಿ ಮೆಲ್ಲುತ್ತ, "ಸತ್ತವರ ಹೆಸರಿನಲ್ಲಿ ಪಾಠ ಓದಲಿಕ್ಕೆ ಹತ್ತು ಜನ ಬೇಡ. ಒಬ್ಬನಿದ್ದರೂ ಸಾಕು," ಎಂದರು.

ಸೇಸಪ್ಪ ಪುಸ್ತಕ ತೆರೆದರು. ಮಾಸ್ತರು ಗುರುತಿಗೆಂದು ಇಟ್ಟಿದ್ದ ರೈಲು ಟಿಕೆಟು ಇದ್ದಲ್ಲಿಂದ ಒಂದು ಪುಟ ಓದಿ, ಕಣ್ಣು ಮುಚ್ಚಿ ಕೈಮುಗಿದರು. ಈ ಸಲ ಕನ್ನಡದಲ್ಲೇ ಹೇಳಿದರು, ಎಷ್ಟು ಪದವೆಂದು ಎಣಿಸಲಿಲ್ಲ.

"ದೇವರೇ, ತಪ್ಪಿದ್ದು ಶಿಷ್ಯ, ಗುರುಗಳಲ್ಲ. ಕಲಿಸಿದವರನ್ನು ನಿನ್ನ ಹತ್ತಿರ ಕೂರಿಸಿಕೋ. ನಮ್ಮ ಮಾಸ್ತರ ಆತ್ಮಕ್ಕೆ ಶಾಂತಿ ಕೊಡು."