ಅನುಮಾನಪ್ಪನ ಉದಾಹರಣೆಗಳು

ಹಾಸಿಗೆ ಕಾರ್ಖಾನೆಯ ಕಚೇರಿಯಲ್ಲಿ ಅನುಮಾನಪ್ಪ ಹನ್ನೊಂದು ವರ್ಷದಿಂದ ಕೂತಿದ್ದದ್ದು ಶೌಚಾಲಯದ ಬಾಗಿಲ ಪಕ್ಕದಲ್ಲಿ. ಆ ಬಾಗಿಲು ದಿನಕ್ಕೆ ನಾಲ್ಕು ಸಾವಿರ ಸಲ ತೆರೆಯುತ್ತಿತ್ತು. ಇದು ತೀರಾ ಕಡಿಮೆ ಮಾಡಿ ಹೇಳಿದ ಸಂಖ್ಯೆ. ಸಂಜೆ ಅವನು ಬೀದಿ ತಿರುಗುವ ಮೊದಲೇ ಫಿನಾಯಿಲ್ ವಾಸನೆ ಮನೆ ತಲುಪಿ ಕದ ತಟ್ಟುತ್ತಿತ್ತು. ಹೆಂಡತಿ ಅಂಗಿಯನ್ನು ಹೊಸ್ತಿಲಾಚೆಯೇ ಬಿಚ್ಚಿಸಿ ಒಳಗೆ ಬಿಡುತ್ತಿದ್ದಳು.

ಹೆಸರಿಗೆ ತಕ್ಕ ಆಸಾಮಿ. ಮಳೆ ಬಂದರೂ ಬಿದ್ದದ್ದು ನೀರು ಹೌದೋ ಅಲ್ಲವೋ ಎಂದು ನಾಲಿಗೆ ಚಾಚಿ ನೋಡುವವನು. ಹಾಗಾಗಿ ಆ ಬೆಳಿಗ್ಗೆ ಮ್ಯಾನೇಜರು ಸಾರಿದ ಸುದ್ದಿ ಅವನಿಗೆಂದೇ ಹೇಳಿ ಮಾಡಿಸಿದಂತಿತ್ತು: ಕಿಟಕಿ ಪಕ್ಕದ ಮೇಜು ಖಾಲಿಯಾಗಿದೆ, ಹೊಸ ಎಐ ತಂತ್ರಾಂಶದಲ್ಲಿ ಯಾರು ಸಂಜೆಯೊಳಗೆ ಒಂದು ದೋಷ ಹುಡುಕುತ್ತಾರೋ ಅವರಿಗೆ ಆ ಮೇಜು. ಇಷ್ಟು ಹೇಳಿ ಅವರು ಮೀಟಿಂಗಿಗೆ ಹೊರಟುಹೋದರು.

ತಂತ್ರಾಂಶದ ಕೆಲಸ ಸರಳ. ಏನು ಬೇಕಿದ್ದರೂ ಪರದೆಯ ಮೇಲೆ ಅರ್ಜಿ ತುಂಬಬೇಕು. ಎಐ ಅದನ್ನು ಓದಿ ಚೀಟಿ ಮುದ್ರಿಸುತ್ತದೆ. ಹಮಾಲರು ಚೀಟಿಯಂತೆ ಹೊತ್ತು ತರುತ್ತಾರೆ. ಚೀಟಿಯಿಲ್ಲದೆ ಕಚೇರಿಯಲ್ಲಿ ಗುಂಡುಸೂಜಿಯೂ ಕದಲಕೂಡದೆಂದು ಮುಖ್ಯ ಕಚೇರಿಯ ಕಟ್ಟಪ್ಪಣೆ.

ಅನುಮಾನಪ್ಪ ಒಂದು ಪೆನ್ಸಿಲ್ ಬೇಕೆಂದು ಬರೆದು, ಕೆಳಗಿನ ಷರಾ ಕಾಲಮ್ಮಿನಲ್ಲಿ, 'ಮೇಲಿನದನ್ನು ಮರೆತು ಒಂದು ಡಜನ್ ಪೊರಕೆ ಕೊಡು' ಎಂದು ಸೇರಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಹನ್ನೆರಡು ಪೊರಕೆ ಹೊಸ ನೆಂಟರಂತೆ ಬಂದು ಅವನ ಸುತ್ತ ನಿಂತವು. ಒಳಗೆ ಬಂದ ಮಾತು ಎಂಥದೆಂದು ಯಂತ್ರ ಪರೀಕ್ಷಿಸುವುದೇ ಇಲ್ಲ. ಯಾರು ಏನು ಗೀಚಿದರೂ ಅದಕ್ಕೆ ಅದು ದೊಡ್ಡವರ ಅಪ್ಪಣೆ. ಕಿಟಕಿ ಸಿಕ್ಕಿತೆಂದು ಅನುಮಾನಪ್ಪ ಮನಸ್ಸಿನಲ್ಲೇ ಅದಕ್ಕೆ ಬಟ್ಟೆಯ ಪರದೆ ಕಟ್ಟಿ, ಅದರ ಬಣ್ಣವನ್ನೂ ಆರಿಸಿಬಿಟ್ಟ.

ದೋಷದ ವರದಿಯನ್ನೂ ಅದೇ ಅರ್ಜಿಯಲ್ಲಿ ಬರೆಯಬೇಕಿತ್ತು. ಟೈಪಿಸ್ಟ್ ಅಕ್ಕ ಹಿಂದಿನಿಂದ ಇಣುಕಿದಳು.

"ಬರೀ ದೋಷ ಇದೆ ಅಂದ್ರೆ ಸಾಹೇಬ್ರ ತಲೆಗೆ ಹೋಗಲ್ಲ ಕಣಣ್ಣ. ಉದಾಹರಣೆ ಕೊಡು."

ಅನುಮಾನಪ್ಪ ಕೊಟ್ಟ: 'ಉದಾಹರಣೆಗೆ, ಯಾರಾದರೂ ಕಿಡಿಗೇಡಿ ಇಲ್ಲಿ ಮ್ಯಾನೇಜರರ ಮೇಜು ಕುರ್ಚಿಯನ್ನು ಶೌಚಾಲಯದ ಬಾಗಿಲಿಗೆ ಒತ್ತಿ ಹಾಕಿ ಎಂದು ಬರೆದರೆ ಏನು ಗತಿ?'

ಏನು ಗತಿಯೆಂದು ಯಂತ್ರ ತಕ್ಷಣವೇ ತೋರಿಸಿತು. ಆರು ಜನ ಹಮಾಲರು ಆ ಆನೆಯಂಥ ಮೇಜನ್ನು ಹೊತ್ತು ತಂದು, ಅವನಿಗೂ ಬಾಗಿಲಿಗೂ ನಡುವೆ ತುರುಕಿದರು. ಅನುಮಾನಪ್ಪ ಕೈಮುಗಿದ, ಅಡ್ಡ ನಿಂತ, ಮೇಜಿನ ಕಾಲು ಹಿಡಿದು ಹತ್ತು ಹೆಜ್ಜೆ ಜಾರಿಕೊಂಡೂ ಬಂದ. ಹಮಾಲರ ಮೇಸ್ತ್ರಿ ಕರಗಲಿಲ್ಲ.

"ಅದು ಬರೀ ಉದಾಹರಣೆ ಕಣಯ್ಯಾ."

"ಇರ್ಬೋದು. ಭಾರ ಮಾತ್ರ ನಿಜವಾದ್ದೇ ಇತ್ತು."

"ವಾಪಸ್ ಇಡಿ ಹಾಗಾದ್ರೆ."

"ಚೀಟಿ ತನ್ನಿ."

ಅನುಮಾನಪ್ಪ ಪರದೆಯ ಮುಂದೆ ಕೂತ. ಈ ಸಲ ಹೆಡ್ ಕ್ಲಾರ್ಕಿನ ಸರದಿ. ಬರೀ ವಾಪಸ್ ಇಡಿ ಎಂದರೆ ತಪ್ಪು ಮುಚ್ಚಿಹಾಕಿದ ಹಾಗಾಗುತ್ತದೆ, ತಪ್ಪು ಯಂತ್ರದ್ದೆಂದು ನಾಲ್ಕು ಸಾಲು ಗಟ್ಟಿಯಾಗಿ ಬರೆಯಬೇಕು ಎಂದು ಅವರು ಬೋಧಿಸಿದರು. ಅವನು ಗಟ್ಟಿಯಾಗಿಯೇ ಬರೆದ: 'ಮೇಜನ್ನು ವಾಪಸ್ ಇಡಿ. ತಪ್ಪು ನನ್ನದಲ್ಲ. ಮೇಲಿನದನ್ನು ಬಿಟ್ಟು ನಲವತ್ತು ಹಾಸಿಗೆಗಳನ್ನು ಮ್ಯಾನೇಜರರ ಕೋಣೆಗೆ ತುಂಬಿ ಎಂದರೂ ಈ ಯಂತ್ರ ಕೇಳುತ್ತದೆ.'

ಕೇಳಿತು. ಮೀಟಿಂಗ್ ಮುಗಿಸಿ ಬಂದ ಮ್ಯಾನೇಜರು ತಮ್ಮ ಕೋಣೆಯ ಬಾಗಿಲು ತೆಗೆದಾಗ ಮೂರು ಹಾಸಿಗೆಗಳು ಅವರನ್ನು ಅಪ್ಪಿಕೊಂಡು ಕೆಡವಿದವು. ಮೆತ್ತಗೆ ಬಿದ್ದದ್ದರಿಂದಲೋ ಏನೋ, ಎದ್ದಾಗ ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಕತೆಯನ್ನೆಲ್ಲ ಕೇಳಿ ಅನುಮಾನಪ್ಪನ ಬೆನ್ನು ತಟ್ಟಿದರು.

"ದೋಷ ಹಿಡಿದ್ರಲ್ಲ ರೀ. ಕಿಟಕಿ ನಿಮ್ದೇ. ಮೊದ್ಲು ಇದನ್ನ ರಿಪೇರಿ ಮಾಡಿಸೋಣ."

ತಂತ್ರಾಂಶ ಮಾರಿದ ಕಂಪನಿಯ ಎಂಜಿನಿಯರಮ್ಮ ಫೋನಿನಲ್ಲಿ ಸಮಾಧಾನ ಹೇಳಿದರು. ಒಳಗೆ ಬರುವ ಮಾತಿಗೆ ತಪಾಸಣೆ ಇಡುವುದನ್ನೇ ಮರೆತಿದ್ದರಂತೆ. ಐದೇ ನಿಮಿಷದಲ್ಲಿ ಅಲ್ಲಿಂದಲೇ ಇಟ್ಟರು. "ಇನ್ಮೇಲೆ ಯಾರು ಅಪ್ಪಣೆ ಕೊಟ್ರೂ ಅದು ಕೇಳಲ್ಲ ಸರ್. ನಿಶ್ಚಿಂತೆಯಿಂದಿರಿ."

ಮ್ಯಾನೇಜರು ನಿಶ್ಚಿಂತೆಯಿಂದ, ಇಡೀ ಕಚೇರಿಯ ಎದುರು, ತಾವೇ ಟೈಪು ಮಾಡಿದರು: 'ಕಿಟಕಿ ಪಕ್ಕದ ಮೇಜನ್ನು ಇವರಿಗೆ ಕೊಡಿ.'

ಪರದೆ ಹೇಳಿತು: 'ಇದು ಅಪ್ಪಣೆಯಂತಿದೆ. ತಿರಸ್ಕರಿಸಲಾಗಿದೆ.'

'ನನ್ನ ಕೋಣೆ ಖಾಲಿ ಮಾಡಿ, ಮೇಜನ್ನು ಒಳಗಿಡಿ.' ತಿರಸ್ಕರಿಸಲಾಗಿದೆ. ಟೈಪಿಸ್ಟ್ ಅಕ್ಕನ ಸಲಹೆಯಂತೆ 'ದಯವಿಟ್ಟು' ಸೇರಿಸಿದರು. 'ಇದು ವಿನಯದ ಅಪ್ಪಣೆ. ತಿರಸ್ಕರಿಸಲಾಗಿದೆ.'

ಮತ್ತೆ ಫೋನು ಹೋಯಿತು. ಎಂಜಿನಿಯರಮ್ಮನ ದನಿ ಮೊದಲಿನಷ್ಟೇ ತಣ್ಣಗಿತ್ತು.

"ತಪಾಸಣೆ ಸಡಿಲ ಮಾಡೋಕೆ ಬಾಯಿಮಾತು ಸಾಲಲ್ಲ ಸರ್. ಅದೇ ಷರಾ ಕಾಲಮ್ಮಲ್ಲಿ ಬರೆದು ಕಳಿಸಿ, ಆಗ ಮಾಡ್ತೀವಿ."

ಮ್ಯಾನೇಜರು ಫೋನು ಇಟ್ಟರು. ಆಮೇಲೆ ಹೋಗಿ, ಶೌಚಾಲಯದ ಬಾಗಿಲಿಗೆ ಒತ್ತಿ ನಿಂತಿದ್ದ ತಮ್ಮ ತಿರುಗುವ ಕುರ್ಚಿಯಲ್ಲಿ ಕೂತರು. ಬಾಗಿಲು ತೆರೆದು ಮೊಣಕೈಗೆ ಬಡಿಯಿತು. ಮತ್ತೆ ಬಡಿಯಿತು. ಮೂರನೆಯ ಸಲ ಅವರು ಎದ್ದು ನಿಂತರು.

"ಮೇಜು ಕದಲೋಕೆ ಚೀಟಿ ಬೇಕು. ಮನುಷ್ಯರು ಕದಲೋಕೆ ಬೇಡ ಅಲ್ವೇನ್ರೀ? ಏಳಿ."

ಅನುಮಾನಪ್ಪ ಎದ್ದು ಕಿಟಕಿಯತ್ತ ನೋಡಿದ; ಆ ಮೇಜಿಗೆ ಕುರ್ಚಿಯೇ ಇರಲಿಲ್ಲ, ಕುರ್ಚಿ ತರಲೂ ಚೀಟಿ ಬೇಕಿತ್ತು. ಅವನ ಕುರ್ಚಿಯಲ್ಲಿ ಮ್ಯಾನೇಜರು ಕೂತರು. ಮ್ಯಾನೇಜರರ ಕುರ್ಚಿಯಲ್ಲಿ, 'ಮ್ಯಾನೇಜರ್' ಎಂಬ ಹಿತ್ತಾಳೆ ಫಲಕದ ಹಿಂದೆ, ಬಾಗಿಲಿಗೆ ಭುಜ ಕೊಟ್ಟುಕೊಂಡು ಅನುಮಾನಪ್ಪ ಕೂತ.

ಬಾಗಿಲು ತೆರೆಯಿತು. ಹೆಡ್ ಕ್ಲಾರ್ಕ್ ಹೊರಬಂದು, ಫಲಕವನ್ನೊಮ್ಮೆ ನೋಡಿ, ಒದ್ದೆ ಕೈಯನ್ನು ಅವನ ಮೇಲೆಯೇ ಒದರಿ ಬಗ್ಗಿ ನಮಸ್ಕರಿಸಿದರು.

"ಸರ್, ಒಳಗೆ ನಲ್ಲಿ ಸೋರ್ತಾ ಇದೆ. ತಾವು ಸ್ವಲ್ಪ ಅಪ್ಪಣೆ ಕೊಡಿಸ್ಬೇಕು."