ಮೂವರು ಮಾರ್ತಾಂಡರು ಮತ್ತು ಒಂದು ಮೊರ ಅವರೆಕಾಯಿ

“ಅಮ್ಮಾ, ಮಾರ್ತಾಂಡ ಸಾಯೋವರೆಗೂ ಚಿಕ್ಕಪ್ಪಂಗೆ ಮದುವೆ ಆಗಲ್ವಂತೆ. ಅವನು ಯಾವಾಗ ಸಾಯ್ತಾನೆ?”

ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದ ನನ್ನ ಮಗಳು ಅಮೂಲ್ಯ ಹೀಗೆ ಕೇಳಿದಾಗ ನನ್ನ ಕೈಯಲ್ಲಿದ್ದ ಬಾಚಣಿಗೆ ಅವಳ ಸಿಕ್ಕಿನಲ್ಲೇ ನಿಂತಿತು. ಯಾರೇ ಹೇಳಿದ್ದು ಎಂದರೆ ಅಡುಗೆಮನೆಯತ್ತ ಬೆರಳು ತೋರಿಸಿದಳು. ಅಲ್ಲಿ ನನ್ನ ಅತ್ತೆ ಮಹಾಂತಮ್ಮನವರು ಏನೂ ಕೇಳಿಸದವರಂತೆ ರೊಟ್ಟಿಯನ್ನು ಇನ್ನೂ ಜೋರಾಗಿ ತಟ್ಟಿದರು.

ಮಾರ್ತಾಂಡ ಸಾಯುವುದಿಲ್ಲ. ನಮ್ಮ ಮನೆಯ ಸಮಸ್ಯೆಯೇ ಅದು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ‘ಏಜೆಂಟ್ ಮಾರ್ತಾಂಡ’ ಎನ್ನುವುದು ನಮ್ಮ ಅತ್ತೆಯ ಮದುವೆಗೂ ಮುಂಚೆ ಶುರುವಾಗಿ ಇಂದಿಗೂ ಮುಗಿಯದ ಗೂಢಚಾರಿ ಸಿನಿಮಾಗಳ ಸಾಲು. ಈ ದೀರ್ಘಾಯುಷ್ಯದಲ್ಲಿ ಆ ಪಾತ್ರಕ್ಕೆ ಮೂವರು ನಟರು ಬಂದು ಹೋಗಿದ್ದಾರೆ. ಮೊದಲನೆಯವನು ಮೀಸೆ ಮಾರ್ತಾಂಡ. ಸಮುದ್ರದ ತಳಕ್ಕೆ ಧುಮುಕಿ ಎದ್ದರೂ ಮೀಸೆ ಒದ್ದೆಯಾಗುವುದಿಲ್ಲ. ಎರಡನೆಯವನು ಕೋಟು ಮಾರ್ತಾಂಡ. ಮರುಭೂಮಿಯಲ್ಲೂ ಒಂದು ಗುಂಡಿ ಬಿಚ್ಚುವುದಿಲ್ಲ. ಮೂರನೆಯವನು ಈಗಿನ ಅಳುವ ಮಾರ್ತಾಂಡ. ಹೊಡೆದು ಮುಗಿಸಿದ ಮೇಲೆ ಹೊಡೆಸಿಕೊಂಡವನಿಗಾಗಿ ಕಣ್ಣೀರು ಹಾಕುತ್ತಾನೆ. ಇವರಲ್ಲಿ ನಿಜವಾದ ಮಾರ್ತಾಂಡ ಯಾರೆಂಬ ಪ್ರಶ್ನೆಯಲ್ಲಿ ಅಭಿಮಾನಿಗಳು ಮೂರು ಪಂಗಡಗಳಾಗಿ ಹಂಚಿಹೋಗಿದ್ದಾರೆ.

ನನ್ನ ಮೈದುನ ಪ್ರಸನ್ನಕುಮಾರ್ ಕೋಟಿನ ಪಂಗಡದವನು. (ಶಿವಮೊಗ್ಗ ಜಿಲ್ಲೆಯಲ್ಲಿ ಆ ಪಂಗಡದ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ ಎಲ್ಲವೂ ಅವನೊಬ್ಬನೇ.) ಬಿ.ಎಚ್. ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾನೆ. ವ್ಯಾಪಾರ ಚೆನ್ನಾಗಿದೆ, ಸ್ವಭಾವ ಅದಕ್ಕಿಂತ ಚೆನ್ನಾಗಿದೆ. ಅಮೂಲ್ಯ ಕೂಸಾಗಿದ್ದಾಗ ಹೊಟ್ಟೆನೋವಿನಿಂದ ಸಂಜೆಯೆಲ್ಲ ಕಿರುಚುತ್ತಿದ್ದಳು. ನನ್ನ ಗಂಡ ವಿಜಯಕುಮಾರ್ ‘ಆಫೀಸಲ್ಲಿ ಲೇಟಾಗುತ್ತೆ’ ಎಂಬ ಮಂತ್ರ ಜಪಿಸುತ್ತಿದ್ದ ಆ ಕಾಲದಲ್ಲಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡಿದವನು ಇವನೇ. ಹೀಗಾಗಿ ಅವನಿಗೊಬ್ಬಳು ಒಳ್ಳೆಯ ಹುಡುಗಿ ಸಿಗಬೇಕೆಂಬುದು ನನ್ನ ಮನಸಾರೆ ಆಸೆ. (ರಿಮೋಟಿನ ಸಮೇತ ಅವನು ಮಹಡಿಯ ಮನೆಗೆ ಸಾಗಲಿ ಎಂಬ ಇನ್ನೊಂದು ಆಸೆಯೂ ಉಂಟು. ಆದರೆ ಅದು ಎರಡನೆಯದು.)

ಆ ಓಡಾಟದ ಸಂಜೆಗಳಲ್ಲಿ ಟಿ.ವಿ.ಯಲ್ಲಿ ಸದಾ ಮಾರ್ತಾಂಡನೇ. ಇಲ್ಲೊಂದು ವಿಷಯ ಸ್ಪಷ್ಟವಾಗಿರಲಿ: ನಾನು ನೋಡುತ್ತಿರಲಿಲ್ಲ. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಅವರೆ ಇಲ್ಲದ ಕಾಲದಲ್ಲಿ ಬಟ್ಟೆ ಮಡಿಸುತ್ತಿದ್ದೆ. ಮುಖ ಟಿ.ವಿ. ಕಡೆಗಿದ್ದ ಮಾತ್ರಕ್ಕೆ ನೋಡಿದಂತಾಗುವುದಿಲ್ಲ.

ಮದುವೆಯ ಬಗ್ಗೆ ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕುಂಸಿಯಲ್ಲಿ ನೋಡಿದ ಹುಡುಗಿಯನ್ನು ಪ್ರಸನ್ನ ಯಾವ ಮಾರ್ತಾಂಡ ಇಷ್ಟ ಎಂದು ಕೇಳಿದ್ದ. ಅವಳು ಪಾಪ, ಮೂವರೂ ಚೆನ್ನಾಗೇ ಮಾಡಿದ್ದಾರೆ ಎಂದಳು. ಎಷ್ಟು ಮರ್ಯಾದಸ್ಥ ಉತ್ತರ. ವಾಪಸು ಬರುವಾಗ ಇವನು, ಒಂದು ಅಭಿಪ್ರಾಯವೇ ಇಲ್ಲದವರ ಜೊತೆ ಜೀವನ ಮಾಡುವುದು ಹೇಗೆ ಎಂದು ದಾರಿಯುದ್ದಕ್ಕೂ ಕೊರಗಿದ. ಹೊಳಲೂರಿನಲ್ಲಿ ಹುಡುಗಿಯ ಸೋದರಮಾವ ಮೀಸೆ ಪಂಗಡ. ಕೋಟು ಹಾಕಿಕೊಂಡು ಹೆಲಿಕಾಪ್ಟರಿಗೆ ಜೋತುಬೀಳಲು ಸಾಧ್ಯವೇ ಇಲ್ಲವೆಂದು ಅವರು ವಾದಿಸಿದರು. ಸಾಧ್ಯವೆಂದು ತೋರಿಸಲು ಇವನು ಅವರ ಪಡಸಾಲೆಯ ಉಯ್ಯಾಲೆಯ ಸರಪಳಿ ಹಿಡಿದು ಜೋತುಬಿದ್ದ. ಕೊಂಡಿ ಕೈಗೆ ಬಂತು. ಹುಡುಗಿ ಬರಲಿಲ್ಲ.

ಇಷ್ಟಾದ ಮೇಲೆ ಬಂದದ್ದು ಭದ್ರಾವತಿಯ ಜನ್ನಾಪುರದ ಸಂಬಂಧ. ಹುಡುಗಿ ತನುಜಾ, ಅಲ್ಲೇ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಇದೂ ತಪ್ಪಿದರೆ ಇನ್ನು ಮುಂದೆ ನಿಮ್ಮ ಫೋನೇ ಎತ್ತುವುದಿಲ್ಲವೆಂದು ಮದುವೆ ಬ್ರೋಕರ್ ಯೋಗರಾಜ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಹುಡುಗಿಯ ಫೋಟೋ ನೋಡಿದ ಭಾನುವಾರ ಪ್ರಸನ್ನ ಟಿ.ವಿ.ಯನ್ನೇ ಹಾಕಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಅತ್ತಿಗೆ, ಇದೊಂದು ಆಗ್ಬೇಕು,” ಎಂದ. ಅವನ ಮುಖ ನೋಡಿ ನಾನು ಒಲೆ ಆರಿಸಿ ಯೋಚಿಸತೊಡಗಿದೆ.

ಆಗ ಹೊಳೆದದ್ದೇ ನನ್ನ ಮಹಾ ಯೋಜನೆ. ಜನ್ನಾಪುರದಲ್ಲಿ ಮಾರ್ತಾಂಡನ ಹೆಸರು ಯಾರ ಬಾಯಲ್ಲಿ ಬಂದರೂ ನಾನು ಕೆಮ್ಮುತ್ತೇನೆ. ಕೆಮ್ಮು ಕೇಳಿದ ತಕ್ಷಣ ಅವನು ತಟ್ಟೆಯಲ್ಲಿರುವುದನ್ನು ಬಾಯಿಗೆ ತುಂಬಿಕೊಳ್ಳಬೇಕು. ತುಂಬಿದ ಬಾಯಿಂದ ವಾದ ಹೊರಡುವುದಿಲ್ಲ. ಇದಕ್ಕಾಗಿ ಅವನ ಅಂಗಡಿಗೇ ಹೋಗಿ, ಹೊಸ ಸಬ್‌ಮರ್ಸಿಬಲ್ ಪಂಪಿನ ಮೇಲೆ ಕೈ ಇಡಿಸಿ ಆಣೆ ಮಾಡಿಸಿದೆ. ಗೂಢಚಾರಿಯ ಅಭಿಮಾನಿಗೆ ಗೂಢ ಸಂಕೇತದಿಂದಲೇ ಕಡಿವಾಣ ಹಾಕಿದ ನನ್ನ ಚಾಣಾಕ್ಷತೆಯ ಬಗ್ಗೆ ಅಂದಿನ ಡೈರಿಯಲ್ಲಿ ಸಾಕಷ್ಟು ವಿಸ್ತಾರವಾಗಿಯೇ ಬರೆದುಕೊಂಡೆ.

ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಹುಡುಗ ಹೆಚ್ಚು ಮಾತಾಡುವ ಹಾಗಿಲ್ಲ. ಹುಡುಗಿಯನ್ನು ಮಾತಾಡಿಸುವುದು, ಆ ಮನೆಯವರ ಗುಣ ಅಳೆಯುವುದು ಹಿರಿಯ ಅತ್ತಿಗೆಯ ಹಕ್ಕು. ಹೀಗಾಗಿ ಜನ್ನಾಪುರದ ಆ ಮನೆಯಲ್ಲಿ ನಾನು ರೇಷ್ಮೆ ಸೀರೆ ಉಟ್ಟು, ನ್ಯಾಯಾಧೀಶರ ಗತ್ತಿನಲ್ಲಿ ಕೂತೆ. ಪ್ರಸನ್ನ ಎದುರಿಗೆ, ಅವನ ಪಕ್ಕಕ್ಕೆ ಅಂಟಿಕೊಂಡು ಅಮೂಲ್ಯ, ಹುಡುಗಿಯ ತಾಯಿಯ ಪಕ್ಕದಲ್ಲಿ ಅತ್ತೆ. ನನ್ನ ಗಂಡ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದರು. (ಅವರು ಎಲ್ಲಿಗೆ ಹೋದರೂ ಬಾಗಿಲ ಹತ್ತಿರವೇ ಕೂರುತ್ತಾರೆ.) ತನುಜಾ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಚುರುಕು ಕಣ್ಣಿನ ಹುಡುಗಿ. ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಅವಳ ತಂದೆ ಈಶ್ವರಪ್ಪನವರು ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಕುಲುಮೆಯ ಸದ್ದನ್ನು ಮೀರಿಸಲು ರೂಢಿಸಿಕೊಂಡ ಧ್ವನಿಯನ್ನು ನಿವೃತ್ತಿಯ ದಿನ ಕಾರ್ಖಾನೆಗೆ ಹಿಂದಿರುಗಿಸಲು ಮರೆತಿದ್ದರು.

ಎಲ್ಲ ಸುಸೂತ್ರವಾಗಿ ನಡೆದಿತ್ತು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಆ ಸಂಗೀತ ನಮ್ಮ ಮನೆಯ ಗೋಡೆಗಳಿಗೂ ಬಾಯಿಪಾಠ. ಪ್ರಸನ್ನನ ಬೆನ್ನು ನೆಟ್ಟಗಾಯಿತು.

“ಮಾರ್ತಾಂಡಂದು. ಮೊದಲ್ನೇ ಪಿಚ್ಚರ್‌ದು,” ಎಂದು ಈಶ್ವರಪ್ಪನವರು ಫೋನ್ ಕತ್ತರಿಸಿ ಹೆಮ್ಮೆಯಿಂದ ಸುತ್ತ ನೋಡಿದರು. “ಅದಾದ್ಮೇಲೆ ಬಂದಿದ್ದೆಲ್ಲ ಬರೀ ಬೊಗಳೆ.”

ನಾನು ಕೆಮ್ಮಿದೆ. ಪ್ರಸನ್ನ ಒಂದು ಹಿಡಿ ಮಂಡಕ್ಕಿ ಬಾಯಿಗೆ ತುಂಬಿಕೊಂಡ.

“ಆ ಎರಡ್ನೇಯವ್ನು ಕೋಟು ಇಸ್ತ್ರಿ ಮಾಡ್ಸೋದ್ರಲ್ಲೇ ಕಾಲ ಕಳ್ದ.”

ಮತ್ತೆ ಕೆಮ್ಮಿದೆ. ಅವನು ಮಿರ್ಚಿಯನ್ನು ಇಡಿಯಾಗಿ ಒಳಗೆ ತಳ್ಳಿದ. ಕಣ್ಣಲ್ಲಿ ನೀರು ತುಂಬಿತು. ಅದು ಮಿರ್ಚಿಯ ಖಾರದ ನೀರಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಯೋಜನೆ ಫಲಿಸುತ್ತಿತ್ತು. ಭೇಷ್ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

“ಇನ್ನು ಈಗಿನವ್ನು,” ಈಶ್ವರಪ್ಪನವರು ಗಂಟಲು ಬಿಚ್ಚಿ ನಕ್ಕರು. “ಹಾಲಿನ ಬಾಟ್ಲಿ ಹಿಡ್ಕಂಡು ಓಡಾಡ್ತಾನೆ. ಅವ್ನು ಗೂಢಚಾರಿನೋ, ಅಂಗನವಾಡಿ ಆಯಾನೋ?”

ನಾನು ಕೆಮ್ಮಬೇಕಾಗಿತ್ತು. ಕೆಮ್ಮಲು ಬಾಯನ್ನೂ ತೆರೆದೆ. ಬಂದದ್ದು ಮಾತ್ರ ಬೇರೆ.

“ಅಪ್ಪಾಜಿ, ಆ ಸೀನು ನೀವು ಸರಿಯಾಗಿ ನೋಡಿದೀರಾ?”

ಮೃದುವಾಗಿಯೇ ಕೇಳಿದೆನೆಂದು ನನ್ನ ನೆನಪು. (ನನ್ನ ಗಂಡನ ನೆನಪು ಬೇರೆ ಇದೆ.) ಓದುಗರೇ, ಆ ಸೀನು ನಿಮಗೂ ಗೊತ್ತಿರಬೇಕು. ಸೇತುವೆಯ ಕೆಳಗೆ ಬಾಂಬು. ಸೇತುವೆಯ ಮೇಲೆ ಖಳನಾಯಕ ಬಿಟ್ಟುಹೋದ ಕೂಸು. ಕೂಸು ಅಳುತ್ತಿದೆ, ಮಾರ್ತಾಂಡನೂ ಅಳುತ್ತಿದ್ದಾನೆ. ನನ್ನ ಕೂಸು ಕಿರುಚುತ್ತಿದ್ದ ಆ ಸಂಜೆಗಳಲ್ಲಿ, ನನಗೂ ಅಳು ಬರುತ್ತಿದ್ದ ಹೊತ್ತಿನಲ್ಲಿ, ಇಷ್ಟು ದೊಡ್ಡ ಗೂಢಚಾರಿಗೂ ನನ್ನದೇ ಪಾಡು ಎಂದು ನಾನೆಷ್ಟು ಸಮಾಧಾನ ಪಟ್ಟುಕೊಂಡಿದ್ದೆ. (ಅವರೆಕಾಯಿ ಸುಲಿಯುತ್ತಲೇ.)

“ಬಾಂಬು ಸಿಡಿಯೋಕೆ ಬಂದಿದೆ,” ಎಂದೆ. “ಅಂಥಾದ್ರಲ್ಲೂ ಅವನು ಹಾಲನ್ನ ಒಂದು ಹನಿ ಮಣಿಕಟ್ಟಿನ ಮೇಲೆ ಹಾಕ್ಕೊಂಡು ಬಿಸಿ ನೋಡ್ತಾನೆ. ನಿಮ್ಮ ಮೀಸೆಯವನಿಗೆ ಅದು ಗೊತ್ತಿತ್ತಾ?”

“ಅವ್ನಿಗ್ಯಾಕೆ ಗೊತ್ತಿರ್ಬೇಕು ಮಾರಾಯ್ತಿ? ಅವ್ನು ಕಾದ ಕಬ್ಬಿಣದ ಹೊಳೆ ಹಾರಿ ಬಂದೋನು.”

“ನೈಲಾನ್ ಶರ್ಟಲ್ಲಿ. ಅಷ್ಟು ವರ್ಷ ಕುಲುಮೆ ಮುಂದೆ ನಿಂತೋರು ನೀವು. ನೈಲಾನ್ ಶರ್ಟ್ ಹಾಕ್ಕೊಂಡು ಅದರ ಮೇಲೆ ಹಾರಿದ್ರೆ ಏನಾಗುತ್ತೆ, ನೀವೇ ಹೇಳಿ.”

ಈಶ್ವರಪ್ಪನವರು ತಮ್ಮ ಅಂಗಿಯ ತೋಳನ್ನೇ ಮುಟ್ಟಿ ನೋಡಿಕೊಂಡರು. ಬಹುಶಃ ಅವರ ವೃತ್ತಿಗೂ ಭಕ್ತಿಗೂ ಅಂದೇ ಮೊದಲ ಬಾರಿ ಜಗಳ ಹತ್ತಿತು. ಅಷ್ಟರಲ್ಲಿ ಎದುರಿನಿಂದ ಒಂದು ಕೆಮ್ಮು ಕೇಳಿಸಿತು. ಪ್ರಸನ್ನ ನನ್ನನ್ನೇ ದುರುಗುಟ್ಟಿ ನೋಡುತ್ತ ಕೆಮ್ಮುತ್ತಿದ್ದ. ಗಂಟಲಿಗೆ ಮಂಡಕ್ಕಿ ಸಿಕ್ಕಿರಬೇಕೆಂದುಕೊಂಡು ಅವನತ್ತ ನೀರು ಸರಿಸಿ ನಾನು ಮುಂದುವರಿದೆ. ಮೀಸೆ ಮಾರ್ತಾಂಡ ಜಲಾಂತರ್ಗಾಮಿಯ ಕಿಟಕಿ ತೆರೆದು ಗುಂಡು ಹಾರಿಸಿದ್ದು, ಎಡಗಾಲಿಗೆ ಏಟು ಬಿದ್ದು ಬಲಗಾಲು ಕುಂಟಿದ್ದು, ಒಂದೂ ಬಿಡಲಿಲ್ಲ. ಅವರೂ ಸುಮ್ಮನಿರಲಿಲ್ಲ, ಅಳುವವನ ಕೈಯಲ್ಲಿ ದೇಶದ ರಹಸ್ಯ ಕೊಟ್ಟವರು ಯಾರು ಎಂದು ಮಂಡಕ್ಕಿ ತಟ್ಟೆ ಕುಟ್ಟಿದರು. ಪ್ರಸನ್ನ ಇನ್ನೂ ಜೋರಾಗಿ ಕೆಮ್ಮಿದ.

“ಹೋಗ್ಲಿ, ಎರಡ್ನೇಯವ್ನು ಲೆಕ್ಕಕ್ಕಿಲ್ಲ ಅಂತಾದ್ರೂ ಒಪ್ತೀಯೇನಮ್ಮ?” ಎಂದರು ಈಶ್ವರಪ್ಪನವರು.

“ಅದಂತೂ ಒಪ್ತೀನಿ,” ಎಂದೆ.

ಈ ಸಲ ಬಂದ ಕೆಮ್ಮಿನಲ್ಲಿ ಒಂದು ಆರ್ತನಾದವಿತ್ತು. ಹುಡುಗಿಯ ತಾಯಿ ಗಾಬರಿಯಾಗಿ, ಹುಡುಗನಿಗೆ ದಮ್ಮೇನಾದರೂ ಇದೆಯೇ ಎಂದು ನಮ್ಮತ್ತೆಯ ಕಿವಿಯಲ್ಲಿ ಕೇಳಿದರು. ಅತ್ತೆ ಶಿವ ಶಿವಾ ಎಂದು ಕಣ್ಣು ಮುಚ್ಚಿಕೊಂಡರು. ತನುಜಾ ಎದ್ದು ಒಳಗೆ ಹೋದಳು. ಮುಂದೇನಾಯಿತೋ ನಾನು ನೋಡಲಿಲ್ಲ, ನಾನಾಗ ಜಲಾಂತರ್ಗಾಮಿಯಲ್ಲಿದ್ದೆ.

ವಾಪಸು ಹೊರಟ ಕಾರು ಮಾಚೇನಹಳ್ಳಿ ದಾಟಿತು. ಆಮೇಲೆ ನನ್ನ ಗಂಡ, ಇವಳು ಸಿನಿಮಾ ನೋಡುವುದೇ ಇಲ್ಲವಂತೆ ಎಂದು ಸ್ಟೀರಿಂಗ್ ಚಕ್ರಕ್ಕೆ ಹೇಳಿದರು. ಅತ್ತೆ ಕಿಟಕಿಯಾಚೆ ನೋಡಿದರು. ಪ್ರಸನ್ನನ ಕಡೆ ತಿರುಗುವ ಧೈರ್ಯ ನನಗಿರಲಿಲ್ಲ. ಅವನು ನನ್ನ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದ್ದ. ನಾನು ಅವನ ಸಂಬಂಧವನ್ನು ಸೇತುವೆಯ ಸಮೇತ ಸಿಡಿಸಿ ಬಂದಿದ್ದೆ. ಆ ರಾತ್ರಿ ಡೈರಿಯಲ್ಲಿ ಒಂದೇ ಸಾಲು ಬರೆದೆ: ಬಾಯಿ ಎಂಬುದು ಊಟಕ್ಕೆ ಮಾತ್ರ.

ಮರುದಿನ ಯೋಗರಾಜ್ ಅವರ ಫೋನ್ ಬಂದಾಗ ಅತ್ತೆ ಸ್ಪೀಕರ್ ಹಾಕಿದರು. ಎಲ್ಲರ ಮುಂದೆ ನನಗೆ ಮಂಗಳಾರತಿ ಆಗಲೆಂದೇ ಇರಬೇಕು. ಯೋಗರಾಜ್ ಹೇಳಿದ್ದಿಷ್ಟು: ಸಂಬಂಧ ಒಪ್ಪಿಗೆ. ಹುಡುಗ ಬಂಗಾರ. ಮಾರ್ತಾಂಡನ ಮಾತು ಅಷ್ಟು ಹೊತ್ತು ನಡೆಯುತ್ತಿದ್ದರೂ ಬಾಯಿ ಮುಚ್ಚಿಕೊಂಡು ಕೂತ ಗಂಡಸನ್ನು ಹುಡುಗಿ ಆ ಮನೆಯಲ್ಲಿ ಹುಟ್ಟಿದಾಗಿನಿಂದ ನೋಡಿಯೇ ಇಲ್ಲವಂತೆ.

ಮಿಕ್ಕಿದ್ದನ್ನು ಅಮೂಲ್ಯ ತುಂಬಿಸಿದಳು. ನಾನು ಜಲಾಂತರ್ಗಾಮಿಯಲ್ಲಿದ್ದಾಗ ತನುಜಾ ಕೆಮ್ಮಿನ ಔಷಧಿ ಹಿಡಿದು ಬಂದು, ಒಣ ಕೆಮ್ಮೋ ಕಫದ್ದೋ ಎಂದು ಮೆಲ್ಲಗೆ ಕೇಳಿದಳಂತೆ. ಚಿಕ್ಕಪ್ಪ ನನ್ನ ಕಡೆ ನೋಡಿ, “ಇದು ಅತ್ತಿಗೆ ಕೆಮ್ಮು,” ಎಂದನಂತೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ನಿಂತೇ ಇದ್ದಳಂತೆ.

ಅಂತೂ ನನ್ನ ಯೋಜನೆ ಗೆದ್ದಿತು. ನನ್ನನ್ನು ಸೋಲಿಸಿ ಗೆದ್ದಿತು, ಅಷ್ಟೇ. ನಾನು ಎದೆಯುಬ್ಬಿಸಿ ಎಲ್ಲರ ಮುಖ ನೋಡುತ್ತಿರುವಾಗಲೇ ಯೋಗರಾಜ್ ಇನ್ನೊಂದು ಮಾತು ಸೇರಿಸಿದರು. ಈಶ್ವರಪ್ಪನವರು ಹಳೆಯ ಪಿಚ್ಚರುಗಳನ್ನೆಲ್ಲ ಮತ್ತೆ ಹಾಕಿಕೊಂಡು ನೋಡುತ್ತಿದ್ದಾರಂತೆ. ಆ ಅಂಗಿ ನೈಲಾನಲ್ಲ, ಕಾಟನ್ನು ಎಂದು ನಿಶ್ಚಿತಾರ್ಥದ ದಿನ ಆ ಹೆಣ್ಮಗಳ ಮುಂದೆ ರುಜುವಾತು ಮಾಡುತ್ತಾರಂತೆ.

“ಕಾಟನ್ನಾ?” ಎಂದೆ. “ಬೆಳಕು ಬಿದ್ರೆ ಹಂಗೆ ಮಿಂಚೋ ಕಾಟನ್ನು ಎಲ್ಲಾದ್ರೂ ಉಂಟಾ?”

ಪ್ರಸನ್ನ ಕೆಮ್ಮಿದ. ಆಮೇಲೆ ಹತ್ತಿರ ಬಂದು, ಅಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗಿನ ಅದೇ ಮುಖ ಹೊತ್ತು ಕೈ ಮುಗಿದ.

“ಅತ್ತಿಗೆ, ಒಂದು ಉಪಕಾರ ಮಾಡಿ. ನಿಶ್ಚಿತಾರ್ಥದ ದಿನ ನಿಮ್ಮ ಮುಂದೆ ಒಂದು ಮೊರ ಅವರೆಕಾಯಿ ಇಡಿಸ್ತೀನಿ. ಶಾಸ್ತ್ರ ಎಲ್ಲ ಮುಗಿಯೋವರೆಗೂ ಅದನ್ನ ಸುಲೀತಾ ಇದ್ದುಬಿಡಿ. ಸುಲಿಯುವಾಗ ನಿಮಗೇನೂ ಕಾಣಿಸಲ್ವಲ್ಲ.”