ಹನುಮೇಶನ ಆಕಳಿಕೆ

ಬೆಳಗ್ಗೆ ಏಳೂವರೆಗೆ ಹನುಮೇಶ ಒಂದು ಆಕಳಿಕೆ ತೆಗೆದ. ತೆಗೆದ ಬಾಯಿ ಮುಚ್ಚಲಿಲ್ಲ.

ಸಿಂಗಸಂದ್ರದ ವಠಾರದಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ. ಕಿವಿಯ ಬುಡದಲ್ಲಿ ‘ಟಕ್’ ಎಂದಿತು. ಕೆಳದವಡೆ ಮುಂದಕ್ಕೆ ಜಾರಿ ಅಲ್ಲೇ ಸಿಕ್ಕಿಕೊಂಡಿತು. ಗದ್ದ ಒತ್ತಿದರೆ ಕಣ್ಣಲ್ಲಿ ನೀರು ಬಂತೇ ಹೊರತು ಬಾಯಿ ಕೂಡಲಿಲ್ಲ. ಹನ್ನೊಂದಕ್ಕೆ ಕಾರ್ಖಾನೆಯಲ್ಲಿ ಇಂಟರ್‌ವ್ಯೂ. ನಾಲ್ಕು ವರ್ಷ ಗುತ್ತಿಗೆಯಲ್ಲಿ ದುಡಿದವನು ಕಾಯಂ ಆಗಲು ಇದ್ದದ್ದು ಇದೊಂದೇ ಅವಕಾಶ.

“ಯಾಕೋ ಹಂಗ ಬಾಯಿ ತಕ್ಕೊಂಡು ನಿಂತಿ?” ಪಕ್ಕದ ಮನೆಯ ಯಂಕಪ್ಪ ಕೇಳಿದ.

“ಆ... ಆ...”

“ಲಕ್ವಾ ಹೊಡದೈತಿ!” ಯಂಕಪ್ಪ ಕೂಗಿದ್ದೇ ತಡ, ವಠಾರವೆಲ್ಲ ನೆರೆಯಿತು. ಎದುರು ಮನೆಯ ಮರೆವ್ವ ಅವನನ್ನು ಕೂರಿಸಿ ಅಂಗಾಲಿಗೆ ಬೆಳ್ಳುಳ್ಳಿ ಎಣ್ಣೆ ತಿಕ್ಕತೊಡಗಿದಳು. “ಅಂಜಿಕೊಂಡಾನ,” ಎಂದಳು. “ ಕಪಾಳಕ್ಕ ಒಂದು ಕೊಡ್ರಿ, ತಾನ ಮುಚ್ಚಿಕೊಂತಾನ.”

ಯಂಕಪ್ಪ ಅಂಗಿಯ ತೋಳು ಮಡಚಿದ. ಕಟುಕನನ್ನು ಕಂಡ ಹೋತದಂತೆ ಹನುಮೇಶ ಹಿಂದೆ ಸರಿದ. ಬೇಡ ಎನ್ನಲು ಹೋದರೆ ಗಂಟಲಿಂದ ಬಂದದ್ದು “ಹಾ” ಎಂಬುದೊಂದೇ.

“ನೋಡ್ರಿ, ತಾನ ಹಾ ಅಂತಾನ!” ಎಂದ ಯಂಕಪ್ಪ ಬಾರಿಸಿಯೇಬಿಟ್ಟ. ಬಾಯಿ ಮುಚ್ಚಲಿಲ್ಲ, ಕೆನ್ನೆ ಮಾತ್ರ ಬನ್ನಿನಂತೆ ಊದಿತು.

ಹೆಂಡತಿ ಮಹಾನಂದಾ ಗಂಡನನ್ನು ಆಟೋಗೆ ತುಂಬಿದಳು. ಹೊಸೂರು ರಸ್ತೆಯಲ್ಲಿ ಗಾಡಿಗಳು ಕದಲಲಿಲ್ಲ. ಕ್ಲಿನಿಕ್ಕಿಗೆ ಮುಟ್ಟಿದರೆ ಡಾಕ್ಟರ್ ಬರುವುದೇ ಒಂಬತ್ತೂವರೆಗಂತೆ. ಹನುಮೇಶ ಗೋಡೆ ಗಡಿಯಾರ ನೋಡುತ್ತ, ಜೊಲ್ಲು ಒರೆಸಿಕೊಳ್ಳುತ್ತ ಕೂತ.

ಡಾಕ್ಟರ್ ಮಂಜುಶ್ರೀ ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ, ಅವನ ಹಿಂದಿನ ಹಲ್ಲುಗಳ ಮೇಲಿಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದರು. ಬಾಯಿ ಕೂಡಿತು!

“ಎಲುಬಿಗೆ ಎಲುಬು ಕಟ್ಟಿ ಹಿಡಿಯೋ ನಾರಿನ ಪಟ್ಟಿ ಇರುತ್ತೆ, ಲಿಗಮೆಂಟ್ ಅಂತ. ನಿಮ್ದು ಎಳೆದು ಸಡಿಲ ಆಗಿದೆ. ಅದಕ್ಕೆ ರಕ್ತ ಹರಿಯೋದೇ ಕಮ್ಮಿ, ವಾಸಿ ಆಗೋದೂ ನಿಧಾನ. ಮೂರು ವಾರ ಬಾಯಿ ಒಂದು ಬೆರಳಿಗಿಂತ ಜಾಸ್ತಿ ತೆಗೀಬೇಡಿ. ಕೂಗೋದಂತೂ ಬೇಡವೇ ಬೇಡ. ಪದೇ ಪದೇ ಜಾರಿದ್ರೆ ಆಪರೇಷನ್ನೇ ಗತಿ.”

“ಇವತ್ತ ಇಂಟರ್‌ವ್ಯೂ ಐತ್ರೀ ಮೇಡಂ,” ಎಂದಳು ಮಹಾನಂದಾ.

“ತಲೆ ಆಡಿಸ್ಲಿ, ಸಾಕು.” ಗದ್ದದಿಂದ ನೆತ್ತಿಯವರೆಗೆ ಬ್ಯಾಂಡೇಜ್ ಬಿತ್ತು.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಹನುಮೇಶ ಏದುಸಿರು ಬಿಡುತ್ತ ಮ್ಯಾನೇಜರ್ ವಿನಾಯಕ್ ಎದುರು ಕೂತ.

“ಏನ್ರೀ ಇದು? ಹೇಗಾಯ್ತು?”

ಹನುಮೇಶ ಒಂದೇ ಬೆರಳಿನಷ್ಟು ಬಾಯಿ ತೆಗೆದ. “ಆಕ...”

“ಆಕ್ಸಿಡೆಂಟಾ?”

ಅಲ್ಲವೆಂದು ತಲೆ ಆಡಿಸಲು ಹೋದ. ಕಿವಿಯ ಬುಡದಲ್ಲಿ ನೋವು ಚುಳ್ಳೆಂದು ತಲೆ ತಾನಾಗಿ ಕೆಳಗೆ ಬಾಗಿತು.

“ಛೆ! ಕೆನ್ನೆ ನೋಡಿ ಹೇಗೆ ಊದಿದೆ. ಆದ್ರೂ ಟೈಮಿಗೆ ಸರಿಯಾಗಿ ಬಂದಿದೀರ!” ವಿನಾಯಕ್ ಎದ್ದು ನಿಂತು ಕೈ ಕುಲುಕಿದರು. “ಬೆಳಗ್ಗೆಯಿಂದ ಬಂದವರೆಲ್ಲ ತಮ್ಮನ್ನ ಹೊಗಳ್ಕೊಂಡಿದ್ದೇ ಹೊಗಳ್ಕೊಂಡಿದ್ದು. ನೀವು ತುಟಿ ಬಿಚ್ಲಿಲ್ಲ. ಆಯ್ತು, ನೀವು ಕಾಯಂ!”

ಹನುಮೇಶನ ಕಣ್ಣು ತುಂಬಿತು.

“ಹಳೇ ಕೆಲಸ ಅಲ್ಲ ಕಣ್ರೀ, ಸೇಫ್ಟಿ ಟ್ರೇನರ್. ಏಟು ತಿಂದವರು ಹೇಳಿದ್ರೆ ಜನ ನಂಬ್ತಾರೆ. ನಾಳೆ ಎಂಟಕ್ಕೆ ಇನ್ನೂರು ಜನ ಹೊಸಬರು ಬರ್ತಾರೆ. ಸಂಜೆವರೆಗೂ ಮಿಷನ್ ಸದ್ದಿನ ಮಧ್ಯೆ ಕೊನೇ ಸಾಲಿಗೂ ಕೇಳೋ ಹಾಗೆ ಕೂಗಿ ಕೂಗಿ ಹೇಳ್ಬೇಕು. ನಾಳೆ ಆಗಲ್ಲ ಅಂದ್ರೆ ಪೋಸ್ಟು ಮುಂದಿನವರಿಗೆ ಹೋಗುತ್ತೆ. ಏನಂತೀರಿ?”

ಹನುಮೇಶ ಏನೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆಯೆಂದು ತಿಳಿದ ವಿನಾಯಕ್ ಪೆನ್ನು ಮುಂದೆ ಚಾಚಿದರು.